ಅಜ್ಜಿಯ ಉಗ್ರಾಣ, ನನ್ನ ಅಂಗೈ

ಈ ವಯಸ್ಸಿನಲ್ಲೂ ನನ್ನ ಅಂಗೈ ಬೆವರುತ್ತದೆ. ಬರೆಯಲು ಕೂತರೆ ಕೈಯ ಕೆಳಗೆ ಒಂದು ಹಳೆಯ ಬಟ್ಟೆ ಮಡಿಸಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಗದ ನೆನೆದು ಶಾಯಿ ಹರಡಿಬಿಡುತ್ತದೆ. ತೋರಿಸಿದ ಡಾಕ್ಟರುಗಳೆಲ್ಲ ಇದೇನೂ ಕಾಯಿಲೆಯಲ್ಲ, ತಲೆ ಕೆಡಿಸಿಕೊಳ್ಳಬೇಡಿ ಎಂದು ಕಳಿಸಿದ್ದಾರೆ. ಅವರಿಗೇನು, ಹೇಳಿಬಿಡುತ್ತಾರೆ. ಈ ಅಂಗೈಯ ದೆಸೆಯಿಂದ ನಾನು ಹುಟ್ಟಿದ ಮನೆಯಲ್ಲೇ ಒಂದು ಬಾಗಿಲಿನ ಹೊರಗೆ ನಿಂತು ಬೆಳೆದವಳು. ಆ ಬಾಗಿಲಿನ ಒಳಗೆ ಹೋದವಳ ಮೇಲೆ ಐವತ್ತು ವರ್ಷಕ್ಕೂ ಮಿಕ್ಕಿ ಹೊಟ್ಟೆ ಉರಿದುಕೊಂಡವಳು. ಹೊಟ್ಟೆಕಿಚ್ಚು ಕೆಟ್ಟದ್ದೆಂದು ಎಲ್ಲರೂ ಹೇಳುತ್ತಾರೆ, ನಾನೂ ಮೊಮ್ಮಕ್ಕಳಿಗೆ ಹೇಳಿದ್ದೇನೆ. ಆದರೆ ನನ್ನನ್ನು ಬೆಳೆಸಿದ್ದರಲ್ಲಿ ಅದರದ್ದೂ ಒಂದು ಪಾಲಿದೆ, ಸುಳ್ಳು ಹೇಳಿ ಏನು ಪ್ರಯೋಜನ.

ನಮ್ಮ ಊರು ಅಜ್ಜಂಪುರದಿಂದ ಎತ್ತಿನ ಗಾಡಿಯಲ್ಲಿ ಒಂದು ಬೆಳಗಿನ ದಾರಿ. ಸುತ್ತಲೂ ಎರೆ ಹೊಲ, ಮರವೆಂದರೆ ಹೊಲದ ಬದುವಿನ ಜಾಲಿ ಮತ್ತು ಊರ ಮುಂದಿನ ಬೇವು. ಮನೆ ಮಣ್ಣಿನ ಮಾಳಿಗೆಯದು. ಹಜಾರ ದಾಟಿದರೆ ಅಡುಗೆಮನೆ, ಅದರ ಒಂದು ಮಗ್ಗುಲಲ್ಲಿ ಕೊಟ್ಟಿಗೆ, ಇನ್ನೊಂದು ಮಗ್ಗುಲಲ್ಲಿ ಉಗ್ರಾಣ. ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಬಾಗಿಲು ಎಷ್ಟು ಕುಳ್ಳಗಿತ್ತೆಂದರೆ ಅಪ್ಪ ಒಳಗೆ ಹೋಗಬೇಕಾದರೆ ಪೇಟ ತೆಗೆದು ಕೈಯಲ್ಲಿ ಹಿಡಿಯಬೇಕಿತ್ತು. ಒಳಗೆ ಗೋಡೆಗೆ ಒರಗಿ ಜೋಳದ ವಾಡೆಗಳು, ಎಂದರೆ ಮಣ್ಣಿನ ಕಣಜಗಳು, ಆಳೆತ್ತರಕ್ಕೆ ನಿಂತಿದ್ದವು, ಅವುಗಳ ಮುಚ್ಚಳದ ಸುತ್ತ ಸಗಣಿ ಮೆತ್ತಿರುತ್ತಿತ್ತು. ಗುಡಾಣಗಳಲ್ಲಿ ಬೇಳೆ ಕಾಳು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಇಡುತ್ತಿದ್ದರು, ಅವರೆಕಾಳಿಗೆ ಕೆಮ್ಮಣ್ಣು ಕಲಸಿ ಬಿಸಿಲಲ್ಲಿ ಒಣಗಿಸಿ ತುಂಬುತ್ತಿದ್ದರು, ಎಲ್ಲದರ ತಳಕ್ಕೂ ಮೇಲಕ್ಕೂ ಒಣಗಿದ ಬೇವಿನ ಸೊಪ್ಪು. ತೊಲೆಯಿಂದ ಇಳಿಬಿಟ್ಟ ನೆಲವಿನಲ್ಲಿ ಬೆಣ್ಣೆಯ ಗಡಿಗೆ ತೂಗುತ್ತಿತ್ತು. ಬೆಲ್ಲದ ಹಲಗೆಯ ನಾಲ್ಕು ಕಾಲಿಗೂ ಕಲ್ಲಿನ ಬಟ್ಟಲು, ಬಟ್ಟಲಿನಲ್ಲಿ ಇರುವೆಗೆಂದು ನೀರು. ಆ ಕೋಣೆಯಲ್ಲಿ ನೀರಿಗೆ ಇದ್ದ ಜಾಗ ಅದೊಂದೇ. ಮೂಲೆಯ ಮಣೆಯ ಮೇಲೆ, ಬಾಗಿಲಿನಿಂದ ನೋಡಿದರೆ ಅರ್ಧ ಮಾತ್ರ ಕಾಣುವಂತೆ, ಮೂರು ಉಪ್ಪಿನಕಾಯಿ ಜಾಡಿಗಳಿದ್ದವು. ಇಷ್ಟನ್ನೂ ನಾನು ಹೊಸ್ತಿಲ ಆಚೆ ನಿಂತು ನೋಡಿ ಬಾಯಿಪಾಠ ಮಾಡಿಕೊಂಡದ್ದು.

ಉಗ್ರಾಣ ಅಜ್ಜಿಯದು, ಎಂದರೆ ಅಪ್ಪನ ತಾಯಿಯದು. ಬೀಗದ ಕೈ ಅವಳ ಸೊಂಟದಲ್ಲಿ, ಸೀರೆಯ ನೆರಿಗೆಯ ಪಕ್ಕ. ಅವಳು ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಆಮೇಲೆ ಮಾಡುತ್ತಿದ್ದ ಮೊದಲ ಕೆಲಸ ಆ ಬೀಗ ತೆಗೆಯುವುದು. ಬಾಗಿಲು ತೆರೆದು ಸುಮ್ಮನೆ ನಿಂತು ಮೂಸುತ್ತಿದ್ದಳು. ಇಲಿ ಬಂದಿದ್ದರೆ ವಾಸನೆಯಲ್ಲೇ ತಿಳಿಯುತ್ತದೆಂದು ಅವಳ ನಂಬಿಕೆ. ಅದಕ್ಕೆ ಕಾರಣವಿತ್ತು. ನಾನು ಇನ್ನೂ ಕಂಕುಳ ಕೂಸಾಗಿದ್ದಾಗ ಪ್ಲೇಗು ಬಂದು ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ತಿರುಗಿ ಬಂದು ನೋಡಿದಾಗ ಅವಸರದಲ್ಲಿ ಮೆತ್ತದೆ ಬಿಟ್ಟ ಒಂದು ವಾಡೆಯ ತುಂಬ ಇಲಿ ಸತ್ತು ಬಿದ್ದಿದ್ದವಂತೆ. ಅಂದಿನಿಂದ ಅಜ್ಜಿಗೆ ಲೋಕದಲ್ಲಿ ಇಬ್ಬರೇ ಶತ್ರುಗಳು, ಇಲಿ ಮತ್ತು ತೇವ. ಅಂಗಳದ ಹಗೇವಿನಿಂದ ರಾಗಿ ತೆಗೆಯುವ ದಿನವೂ ಅಷ್ಟೆ, ನೆಲದೊಳಗಿನ ಆ ಗುಂಡಿಯ ಬಾಯಿ ತೆರೆದು ಒಂದಿಡೀ ದಿನ ಗಾಳಿಗೆ ಬಿಟ್ಟು, ಹಗ್ಗ ಕಟ್ಟಿದ ದೀಪ ಇಳಿಬಿಟ್ಟು, ದೀಪ ಆರಲಿಲ್ಲವೆಂದು ಅವಳು ತನ್ನ ಕಣ್ಣಿಂದ ನೋಡದೆ ಒಂದು ಆಳನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಅವ್ವ ಬೆಳಿಗ್ಗೆ ಅಡುಗೆಗೆ ಬೇಕಾದ್ದನ್ನು ಕೇಳಿ ಬಾಗಿಲ ಬಳಿ ಮೊರ ಹಿಡಿದು ನಿಲ್ಲುತ್ತಿದ್ದಳು. ಅಜ್ಜಿ ಒಳಗಿನಿಂದ ಅಳೆದು ಸುರಿಯುತ್ತಿದ್ದಳು. ಆ ಮನೆಯ ಸೊಸೆಯಾಗಿ ಹದಿನಾರು ವರ್ಷ ಅವ್ವ ಹೀಗೇ ನಿಂತಳು.

ನನ್ನ ಕೆಲಸ ದೀಪ ಹಿಡಿಯುವುದು. ಕತ್ತಲೆ ಕೋಣೆಯಾದ್ದರಿಂದ ಹಗಲಲ್ಲೂ ಎಣ್ಣೆ ದೀಪ ಬೇಕಿತ್ತು, ಸೀಮೆಎಣ್ಣೆಯ ಬುಡ್ಡಿಯನ್ನು ಅಜ್ಜಿ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ವಾಸನೆ ಹಿಟ್ಟಿಗೆ ಹಿಡಿಯುತ್ತದೆಂದು.

"ಲೇ ಗಿರ್ಜಿ, ಹೊಸ್ಲು ದಾಟ್ಬೇಡ ಕಣೇ. ಅಲ್ಲೇ ನಿಂತು ದೀಪ ಚಾಚು."

"ಯಾವಾಗಜ್ಜಿ ಒಳಕ್ಕೆ ಬರೋದು?"

"ಹತ್ತು ತುಂಬ್ಲಿ. ಹಿಟ್ಟು ಮುಟ್ಟಿಸ್ತೀನಿ. ಆಮೇಲೆ ನೋಡಾಣ."

ಹಿಟ್ಟು ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ. ಬೇರೆ ಮನೆಗಳಲ್ಲಿ ಕಂಡಿಲ್ಲ. ಹೆಣ್ಣುಮಗಳಿಗೆ ಹತ್ತು ತುಂಬಿದ ವರ್ಷ, ಮಾವಿನ ಮಿಡಿ ಜಾಡಿಗೆ ತುಂಬುವ ದಿನ, ಮೊರದಲ್ಲಿ ನುಣ್ಣನೆಯ ರಾಗಿಹಿಟ್ಟು ಹರಡಿ ಅದರ ಮೇಲೆ ಅವಳ ಅಂಗೈ ಒತ್ತಿಸುತ್ತಿದ್ದರು. ಎತ್ತಿ ಒಮ್ಮೆ ಊದಿದಾಗ ಹಿಟ್ಟು ಹಾರಿಹೋದರೆ ಒಣಗೈ. ಅವಳು ಉಗ್ರಾಣಕ್ಕೆ ಹೋಗಬಹುದು, ಉಪ್ಪಿಗೆ, ಹಿಟ್ಟಿಗೆ, ಉಪ್ಪಿನಕಾಯಿಗೆ ಕೈ ಹಾಕಬಹುದು. ಹಿಟ್ಟು ಅಂಟಿ ಉಳಿದರೆ ಹಸಿಗೈ. ಅಜ್ಜಿಯೂ ಅವಳ ಕಾಲದಲ್ಲಿ ಹೀಗೆ ಮುಟ್ಟಿಸಿಕೊಂಡವಳು. ನನಗೆ ಹತ್ತು ತುಂಬುವುದನ್ನು ನಾನು ಮದುವೆಯ ಹೆಣ್ಣು ದಿನ ನೋಡಿದ ಹಾಗೆ ಕಾಯುತ್ತಿದ್ದೆ. ನನ್ನ ಅಂಗೈ ಬೆವರುತ್ತದೆಂದು ನನಗೆ ಆಗ ತಿಳಿದಿರಲಿಲ್ಲ. ಎಲ್ಲರ ಅಂಗೈಯೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಆ ವರ್ಷವೇ ನೀಲಿ ಬಂದಳು. ಕಡೂರಿಗೆ ಕೊಟ್ಟಿದ್ದ ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ ಮಗಳು ಅವಳು. ಅತ್ತೆ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಮಾವನಿಗೆ ತೆಂಗಿನಕಾಯಿ ವ್ಯಾಪಾರ, ಹೆಣ್ಣುಮಗುವನ್ನು ನೋಡಿಕೊಳ್ಳುವವರಿಲ್ಲ. ಅವರು ರೈಲಿನಲ್ಲಿ ಅಜ್ಜಂಪುರಕ್ಕೆ ಕರೆತಂದು, ನಮ್ಮ ಗಾಡಿಗೆ ಹತ್ತಿಸಿ, ಊಟಕ್ಕೂ ನಿಲ್ಲದೆ ಅದೇ ದಿನ ವಾಪಸಾದರು. ಗಾಡಿಯಿಂದ ಇಳಿದ ಹುಡುಗಿ ನನ್ನದೇ ವಯಸ್ಸಿನವಳು, ನನಗಿಂತ ತೆಳ್ಳಗೆ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಅಜ್ಜಿ ಅವಳ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಮಗಳ ಹೆಸರು ಹೇಳಿ ಅತ್ತಳು. ನನ್ನ ಮುಖವನ್ನು ಅವಳು ಹಾಗೆ ಹಿಡಿದ ನೆನಪು ನನಗಿರಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತು, ಇವಳು ಎಷ್ಟು ದಿನ ಇರುತ್ತಾಳೋ ಎಂದು ಲೆಕ್ಕ ಹಾಕುತ್ತಿದ್ದೆ.

ಅವಳು ಹೋಗಲಿಲ್ಲ. ಊಟಕ್ಕೆ ಕೂತಾಗ ಅಜ್ಜಿಯ ಬಲಗಡೆಯ ಮಣೆ ನನ್ನದಾಗಿತ್ತು, ಅದು ಅವಳದಾಯಿತು. ಹಾಲು ದಿನವೆಲ್ಲ ಬೆರಣಿಯ ಕೆಂಡದ ಮೇಲೆ ಕಾದು ಸಂಜೆ ಹೊತ್ತಿಗೆ ಕೆಂಪಗೆ ಕೆನೆ ಕಟ್ಟುತ್ತಿತ್ತು. ಆ ಕೆನೆಯನ್ನು ಅಜ್ಜಿ ರೊಟ್ಟಿಯ ಮೇಲಿಟ್ಟು ನನಗೆ ಕೊಡುತ್ತಿದ್ದವಳು ಈಗ ಎರಡು ಪಾಲು ಮಾಡಿದಳು. ಪಾಲು ಸಮನಾಗಿಯೇ ಇರುತ್ತಿತ್ತು. ನನಗೆ ಮಾತ್ರ ಅವಳದು ದೊಡ್ಡದಾಗಿ ಕಾಣುತ್ತಿತ್ತು, ಅಳತೆ ಮಾಡಿ ನೋಡಿದ ದಿನವೂ ಹಾಗೇ ಕಂಡಿತು. ಬೀದಿಯ ಹೆಂಗಸರು ನೀರಿಗೆ ಹೋಗುವಾಗ ನಿಂತು ಅವಳ ತಲೆ ಸವರುತ್ತಿದ್ದರು, ತಾಯಿಲ್ಲದ ಮಗು ಎನ್ನುತ್ತಿದ್ದರು. ನಾನೂ ಪಕ್ಕದಲ್ಲೇ ಇರುತ್ತಿದ್ದೆ. ನನ್ನ ತಲೆ ಯಾರೂ ಸವರಲಿಲ್ಲ. ಇದನ್ನೂ ಬರೆಯುತ್ತೇನೆ: ಆ ದಿನಗಳಲ್ಲಿ ನನಗೂ ತಾಯಿ ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದು ನಾನು ಯೋಚಿಸಿದ್ದುಂಟು. ಯೋಚಿಸಿ ಹೆದರಿ, ಅಡುಗೆಮನೆಗೆ ಓಡಿ ಅವ್ವನ ಸೆರಗು ಹಿಡಿದುಕೊಂಡಿದ್ದೆ. ಅವಳಿಗೇನು ಗೊತ್ತು, ಕೆಲಸಕ್ಕೆ ಅಡ್ಡ ಬರಬೇಡ ಎಂದು ಗದರಿದಳು.

ನೀಲಿಯ ಒಂದು ಅಭ್ಯಾಸ ಎಲ್ಲರ ಕಣ್ಣಿಗೂ ಬಿತ್ತು. ಯಾವುದನ್ನೇ ಎತ್ತಿಕೊಳ್ಳಲಿ, ಮೊದಲು ಎರಡೂ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಎತ್ತಿಕೊಂಡ ವಸ್ತುವನ್ನೂ ಒಮ್ಮೆ ಒರೆಸುತ್ತಿದ್ದಳು, ಲೋಟವಾಗಲಿ ಬಳೆಯಾಗಲಿ. ತಾಯಿ ಹಾಸಿಗೆ ಹಿಡಿದಾಗ ಅಡುಗೆ ಮಾಡಿ ರೂಢಿಯಾಗಿತ್ತೋ ಏನೋ. ಅಜ್ಜಿ ಅದನ್ನು ನೋಡಿ ನೋಡಿ ತಲೆದೂಗುತ್ತಿದ್ದಳು. ನಾನೂ ಎರಡು ದಿನ ಲಂಗಕ್ಕೆ ಕೈ ಒರೆಸಿಕೊಂಡು ಓಡಾಡಿದೆ. ಯಾರೂ ನೋಡಲಿಲ್ಲ, ಬಿಟ್ಟೆ.

ಶಿವರಾತ್ರಿ ಕಳೆದ ಮೇಲೆ ತರೀಕೆರೆ ಕಡೆಯ ಗಾಡಿಯಲ್ಲಿ ಮಿಡಿ ಬಂತು. ಹಳ್ಳದ ಅಂಚಿನ ಮರದ್ದು, ಮುರಿದರೆ ಸೊನೆ ಚಿಮ್ಮುವಂಥದ್ದು. ತೊಟ್ಟು ಉಳಿಸಿ ಕತ್ತರಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದೊಂದನ್ನೂ ಒರೆಸಿ ಕಲ್ಲುಪ್ಪಿನಲ್ಲಿ ಹಾಕಿದರು. ಹದಿನೈದು ದಿನದಲ್ಲಿ ಮಿಡಿ ಸುರುಟಿಕೊಂಡು ಉಪ್ಪುನೀರು ಬಿಟ್ಟಿತು. ಆ ನೀರನ್ನು ಬಗ್ಗಿಸಿ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸಿನಕಾಯಿ, ಅರಿಶಿನ ರುಬ್ಬಿದರು. ರುಬ್ಬಿದ್ದು ಅವ್ವ. ಮಧ್ಯಾಹ್ನ ಅಜ್ಜಿ ಹಜಾರದಲ್ಲಿ ಮೊರ ಇಟ್ಟು ಹಿಟ್ಟು ಹರಡಿ ನಮ್ಮಿಬ್ಬರನ್ನೂ ಕರೆದಳು. ನಾನೇ ಮುಂದೆ ನುಗ್ಗಿದೆ. ಮನೆಯ ಮಗಳು ನಾನು, ಮೊದಲ ಸರದಿ ನನ್ನದಲ್ಲದೆ ಇನ್ನಾರದು. ಅಂಗೈ ಒತ್ತಿದೆ, ಎತ್ತಿದೆ. ರಾಗಿಹಿಟ್ಟು ಬೆರಳ ಸಂದಿನವರೆಗೂ ದಪ್ಪಗೆ ಮೆತ್ತಿಕೊಂಡಿತ್ತು. ಅಜ್ಜಿ ಊದಿದಳು. ಏನೂ ಹಾರಲಿಲ್ಲ. ಇನ್ನೊಮ್ಮೆ ಊದಿದಳು. ಅಲ್ಲಲ್ಲಿ ಹಿಟ್ಟು ಆಗಲೇ ಕಪ್ಪಗೆ ನೆನೆಯುತ್ತಿತ್ತು.

"ಒರೆಸ್ಕೊಂಡು ಇನ್ನೊಂದು ಸಲ ಮುಟ್ಲಾ ಅಜ್ಜಿ?"

"ಬೇಡ ಮಗಾ. ಹಸಿಗೈ ನಿಂದು. ದೇವ್ರು ಕೊಟ್ಟಿದ್ದು, ನೀನೇನ್ ಮಾಡ್ತೀಯ. ನೀಲೀ, ನೀ ಬಾ."

ನೀಲಿ ಎರಡೂ ಕೈ ಲಂಗಕ್ಕೆ ಒರೆಸಿಕೊಂಡು ಬಂದು ಒತ್ತಿ ಎತ್ತಿದಳು. ಅಜ್ಜಿ ಊದುವ ಮೊದಲೇ ಹಿಟ್ಟು ಉದುರಿ ಅಂಗೈಯ ಗೆರೆಗಳು ಬೆಳ್ಳಗೆ ಕಂಡವು. ಆ ಮಧ್ಯಾಹ್ನ ಮೂರು ಜಾಡಿಯನ್ನೂ ತುಂಬಿದ್ದು ಅವಳು. ತೊಟ್ಟು ಮೇಲೆ ಮಾಡಿ ಮಿಡಿ ಜೋಡಿಸುವುದು, ಒತ್ತುವುದು, ಮೇಲೆ ಇಂಗಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಮುಚ್ಚುವುದು, ಬಾಯಿಗೆ ಇನ್ನೊಂದು ಬಿಳಿ ಬಟ್ಟೆ ಬಿಗಿದು ದಾರದಲ್ಲಿ ಕಟ್ಟುವುದು. ಕಟ್ಟಿದ ಗಂಟು ಅವಳ ತಾಯಿ ಕಲಿಸಿದ್ದಂತೆ, ಎರಡು ಸುತ್ತು ಹಾಕಿ ಕೊನೆಯನ್ನು ಒಳಗೆ ತೂರಿಸುವುದು. ಗಂಟು ನೋಡಿ ಅಜ್ಜಿ ಮತ್ತೆ ಕಣ್ಣೊರೆಸಿಕೊಂಡಳು. ನಾನು ಬಾಗಿಲಲ್ಲಿ ದೀಪ ಚಾಚಿ ನಿಂತಿದ್ದೆ. ನನ್ನ ಬೆಳಕಿನಲ್ಲಿ ಅವಳು ಕೆಲಸ ಮಾಡಿದಳು. ದೀಪ ಆರಿಸಿ ಓಡಿಹೋಗಬೇಕೆಂದು ಎಷ್ಟೇ ಅನ್ನಿಸಿದರೂ, ಓಡಿದರೆ ಒಳಗಿನದು ನೋಡಲು ಸಿಗುವುದಿಲ್ಲವಲ್ಲ ಎಂದು ನಿಂತೇ ಇದ್ದೆ.

ಆಮೇಲೆ ನಾನು ಕೈ ಒಣಗಿಸುವ ವಿದ್ಯೆಗೆ ಬಿದ್ದೆ. ಒಲೆಯ ಬೂದಿ ತಿಕ್ಕಿದೆ. ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಅಂಗೈ ಒತ್ತಿ ಕೂತೆ. ಬೇವು ಅರೆದು ಮೆತ್ತಿಕೊಂಡೆ. ಕೊನೆಗೆ ಎಲೆಯಡಿಕೆಯ ಸುಣ್ಣ ಹಚ್ಚಿ ಬೊಬ್ಬೆ ಎಬ್ಬಿಸಿಕೊಂಡು ಅವ್ವನಿಂದ ಬೈಸಿಕೊಂಡೆ. ದಿನಕ್ಕೊಂದು ಸಲ ಯಾರೂ ಇಲ್ಲದಾಗ ಹಿಟ್ಟು ಮುಟ್ಟಿ ನೋಡುತ್ತಿದ್ದೆ. ಅಂಟುತ್ತಿತ್ತು. ಅತ್ತ ನೀಲಿಗೆ ಉಗ್ರಾಣ ಒಲಿಯುತ್ತಾ ಹೋಯಿತು. ಗುಡಾಣ ತಟ್ಟಿ ಎಷ್ಟು ಉಳಿದಿದೆ ಎಂದು ಹೇಳಲು ಕಲಿತಳು, ಹುಳ ಬೀಳುವ ಮೊದಲೇ ಬೇಳೆಯ ಬಿಸಿ ಕೈಗೆ ತಿಳಿಯುತ್ತದೆಂದು ನನಗೆ ಬಂದು ಹೇಳಿದಳು. ಜಂಬಕ್ಕಲ್ಲ, ಹಂಚಿಕೊಳ್ಳಲಿಕ್ಕೆ. ಅದರಿಂದಲೇ ನನಗೆ ಇನ್ನಷ್ಟು ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅಜ್ಜಿ ಹೊರಗೆ ಹೋಗಬೇಕಾದರೆ ಬೀಗದ ಕೈಯನ್ನು ಅವಳಿಗೆ ಕೊಟ್ಟು ಹೋಗತೊಡಗಿದಳು. ನೀಲಿ ಅದನ್ನು ಒಮ್ಮೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು, ಥೇಟು ಅಜ್ಜಿಯ ಹಾಗೆ.

ಒಂದು ದಿನ ಹಿತ್ತಿಲಲ್ಲಿ ಅಜ್ಜಿ, ಅವ್ವ ಅವರೆಕಾಳಿಗೆ ಕೆಮ್ಮಣ್ಣು ಕಲಸುತ್ತಿದ್ದರು. ನಾನು ಬೆರಣಿಯ ರಾಶಿಯ ಆಚೆ ಚಪ್ಪಡಿಯ ಮೇಲೆ ಕೈ ಕಾಯಿಸುತ್ತಿದ್ದೆ. ಅವ್ವ ಎಂದೂ ಅತ್ತೆಗೆ ಎದುರು ಮಾತಾಡಿದವಳಲ್ಲ. ಅಂದು ಮಾತು ಹೇಗೋ ಹೊರಗೆ ಬಂತು.

"ಅತ್ತೆ, ಬೀಗದ ಕೈನ ಆ ಮಗೂಗೆ ಕೊಡ್ತೀರಲ್ಲ. ನಾನು ಈ ಮನೆಗೆ ಬಂದು ಹದ್ನಾರು ವರ್ಷ ಆಯ್ತು."

"ನಿಂಗೆ ಒಲೆ ಐತೆ, ಕೊಟ್ಟಿಗೆ ಐತೆ. ಅದು ಸಾಲ್ದಾ? ಇದು ಸಣ್ಣೋರಿದ್ದಾಗ್ಲೇ ಕೈಗೆ ಹತ್ಬೇಕು. ನೀಲಿ ಇಲ್ಲೇ ಇರೋಳು. ಶಿವೂಗೆ ತಂದ್ಕೊಂಡ್ರೆ ನಾಳೆ ಈ ಮನೆ ಅವಳದ್ದೇ."

ಶಿವು ಅಂದರೆ ನನ್ನ ಅಣ್ಣ. ತರೀಕೆರೆಯಲ್ಲಿ ಓದುತ್ತಿದ್ದ, ರಜೆಗೆ ಮಾತ್ರ ಬರುತ್ತಿದ್ದ. ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ನಡೆದುಬಂದದ್ದೇ.

"ಗಿರ್ಜಿ ಎಷ್ಟು ಆಸೆ ಪಡ್ತೈತೆ ನೋಡಿ," ಅವ್ವ ಅಂದಳು.

"ಗಿರ್ಜಿ ಹೋಗೋಳು ಕಣವ್ವಾ. ಹೋಗೋಳಿಗೆ ಬೀಗದ ಕೈ ಯಾಕೆ?"

ಅವ್ವ ಕಾಳು ತಿಕ್ಕುವ ಸದ್ದು ಜೋರಾಯಿತು. ನಾನು ಚಪ್ಪಡಿಯಿಂದ ಕೈ ತೆಗೆದೆ. ಅಷ್ಟು ದಿನ ನಾನು ಅಂಗೈಯನ್ನು ಬೈದುಕೊಂಡಿದ್ದೆ, ಈಗ ನೋಡಿದರೆ ಅದು ಮರಳಿನಂತೆ ಒಣಗಿದ್ದರೂ ನಾನು ಹೋಗುವವಳೇ. ನಾನು ಹುಟ್ಟಿದ ಮನೆ, ನಾನು ತೂಗಾಡಿದ ಬಾಗಿಲು, ನಿನ್ನೆ ಮೊನ್ನೆ ಪೆಟ್ಟಿಗೆ ಹಿಡಿದು ಬಂದವಳದು. ಅಂದು ನನಗೆ ಬಂದ ಸಿಟ್ಟು ಅಜ್ಜಿಯ ಮೇಲೆ ಬರಬೇಕಿತ್ತು. ಬರಲಿಲ್ಲ. ನೀಲಿಯ ಮೇಲೆಯೇ ಬಂತು, ಅವಳ ಒಣಗೈ ಮೇಲೆ, ಅವಳ ಗಂಟಿನ ಮೇಲೆ.

ಮುಂಗಾರು ಮೊದಲಾದ ವಾರ, ಪಕ್ಕದ ಬೀದಿಯಲ್ಲಿ ಮಠದ ಅಯ್ಯನವರ ಪಾದಪೂಜೆ ಇತ್ತು. ಅಜ್ಜಿ ಬೀಗದ ಕೈ ನೀಲಿಗೆ ಕೊಟ್ಟು ಹೋದಳು. ನೀಲಿ ಉಗ್ರಾಣ ತೆರೆದು ದೀಪ ಗೂಡಿನಲ್ಲಿಟ್ಟು ಅವ್ವನಿಗೆ ಬೇಳೆ ಅಳೆದು ಕೊಟ್ಟಳು. ಅಷ್ಟರಲ್ಲಿ ಕೊಟ್ಟಿಗೆಯಿಂದ ಅವ್ವನ ಕೂಗು, ಕರು ಹಗ್ಗ ಕಿತ್ತುಕೊಂಡು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿದೆ, ಬಾರೇ ಎಂದು. ನೀಲಿ ಇದ್ದ ಹಾಗೇ ಓಡಿದಳು. ಬಾಗಿಲು ತೆರೆದೇ ಇತ್ತು. ನಾನು ಹೊಸ್ತಿಲು ದಾಟಿದೆ. ಒಳಗೆ ಎಷ್ಟು ತಂಪು, ಅಷ್ಟು ವರ್ಷ ಬಾಗಿಲಲ್ಲಿ ನಿಂತರೂ ನನಗೆ ಅದು ತಿಳಿದಿರಲಿಲ್ಲ. ನೇರ ಮಣೆಯ ಹತ್ತಿರ ಹೋಗಿ ನಡುವಿನ ಜಾಡಿಯ ಗಂಟು ಬಿಚ್ಚಿದೆ, ಬಟ್ಟೆ ಎರಡೂ ತೆಗೆದೆ, ಬಲಗೈಯನ್ನು ಮಣಿಕಟ್ಟಿನವರೆಗೂ ಇಳಿಸಿದೆ. ಕೆಡಿಸಬೇಕೆಂದೇ ಹೋದದ್ದು, ಅದರಲ್ಲಿ ಸುಳ್ಳಿಲ್ಲ. ಹಸಿಗೈ ಮುಟ್ಟಿದರೆ ಬೂಷ್ಟು ಹಿಡಿಯುತ್ತದೆ, ನೀಲಿ ತುಂಬಿದ್ದು ಕೆಟ್ಟಿತೆಂದು ಎಲ್ಲರಿಗೂ ತಿಳಿಯುತ್ತದೆ ಎಂಬ ಲೆಕ್ಕ. ಆದರೆ ಕೈ ಒಳಗೆ ಹೋದ ಮೇಲೆ ತೆಗೆಯಲು ಮನಸ್ಸು ಬರಲಿಲ್ಲ. ಮಿಡಿಗಳು ಮೆತ್ತಗೆ, ತಣ್ಣಗೆ, ತೊಟ್ಟುಗಳು ಬೆರಳಿಗೆ ತಾಕುತ್ತಿದ್ದವು. ಒಂದೊಂದನ್ನೇ ಮುಟ್ಟಿದೆ. ನನ್ನದಾಗಬೇಕಿದ್ದ ಕೆಲಸ ಅದು.

ಕೊಟ್ಟಿಗೆಯಲ್ಲಿ ಹೆಜ್ಜೆ ಸದ್ದಾದಾಗ ಕೈ ತೆಗೆದು, ಬಟ್ಟೆ ಮುಚ್ಚಿ, ನನಗೆ ಬಂದ ಗಂಟು ಹಾಕಿ ಹೊರಗೆ ಓಡಿದೆ. ಸುಣ್ಣದ ಬೊಬ್ಬೆ ಒಡೆದ ಅಂಗೈಗೆ ಉಪ್ಪು ಖಾರ ತಗುಲಿ ಕೆಂಡ ಹಿಡಿದ ಹಾಗಾಯಿತು. ಬಾವಿಯ ಹತ್ತಿರ ಎಷ್ಟು ತೊಳೆದರೂ ಇಂಗು, ಸಾಸಿವೆಯ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತು ಬಿಸಿ ಮುದ್ದೆಗೆ ಬೆರಳು ತಾಗಿಸಲು ಆಗದೆ ಹಸಿವಿಲ್ಲ ಎಂದು ಎದ್ದುಬಿಟ್ಟೆ. ಕೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಹಜಾರದ ಮೂಲೆಯಲ್ಲಿ ಕೂತಿದ್ದಾಗ ನೀಲಿ ಬಂದಳು. ಏನೂ ಕೇಳದೆ ನನ್ನ ಕೈ ಎಳೆದು ಮೂಗಿನ ಹತ್ತಿರ ಹಿಡಿದಳು. ಮುಖ ನೋಡಿದಳು. ಒಳಗೆ ಹೋಗಿ ನೆಲವಿನಿಂದ ಒಂದು ಉಂಡೆ ಬೆಣ್ಣೆ ತಂದು ಅಂಗೈಗೆ ಹಚ್ಚಿದಳು.

"ಅಜ್ಜಿಗೆ ಹೇಳ್ತೀಯಾ?" ಎಂದೆ.

"ಉರಿ ಹೋಯ್ತಾ?" ಎಂದಳು.

ಅಷ್ಟೇ. ಎದ್ದು ಹೋದಳು. ಮರುದಿನ ದೀಪ ಹಿಡಿದು ನಿಂತಾಗ ನೋಡಿದೆ, ನಡುವಿನ ಜಾಡಿಯ ಮೇಲೆ ನನ್ನ ಗಂಟಿರಲಿಲ್ಲ. ಎರಡು ಸುತ್ತಿನ, ಕೊನೆ ಒಳಗೆ ತೂರಿದ ಅವಳ ಗಂಟಿತ್ತು. ಆಗ ನನಗಾದದ್ದು ನಾಚಿಕೆಯಲ್ಲ. ಇಷ್ಟು ಒಳ್ಳೆಯವಳಾಗಿರುವುದೂ ಇವಳಿಗೇ ಬರಬೇಕೇ ಎಂದು ಹೊಟ್ಟೆ ಉರಿಯಿತು.

ಶ್ರಾವಣದ ಒಂದು ಸೋಮವಾರ ಅಯ್ಯನವರನ್ನು ನಮ್ಮ ಮನೆಗೇ ಊಟಕ್ಕೆ ಕರೆದಿದ್ದರು. ಮೊದಲ ಜಾಡಿ ಅಷ್ಟರಲ್ಲಿ ಮುಗಿದಿತ್ತು. ಅಜ್ಜಿ ಬೆಳಿಗ್ಗೆಯೇ ನಡುವಿನ ಜಾಡಿಯನ್ನು ಹಜಾರಕ್ಕೆ ತರಿಸಿ ಬಿಚ್ಚಿದಳು. ಬಟ್ಟೆಯ ಅಡಿಯಲ್ಲಿ ಬೂಷ್ಟು ಕಂಬಳಿಯ ಹಾಗೆ ಹರಡಿತ್ತು, ಬೆಳ್ಳಗೆ, ನಡುನಡುವೆ ಹಸಿರು. ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದಳು. ಅಜ್ಜಿ ಜಾಡಿಯ ಬಾಯಿಯನ್ನು ಬೆಳಕಿನ ಕಡೆ ತಿರುಗಿಸಿ ನೋಡಿದಳು. ಅವಳ ಉಗ್ರಾಣದಲ್ಲಿ ಜಾಡಿ ಕೆಟ್ಟದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಯಾರ ಕೈ ಇದು?" ಎಂದಳು.

ನನ್ನ ಅಂಗೈಯಿಂದ ನೀರು ತೊಟ್ಟಿಕ್ಕುವುದೊಂದು ಬಾಕಿ. ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ.

"ನಂದೇ ಅಜ್ಜಿ," ನೀಲಿ ಅಂದಳು. "ಮೊನ್ನೆ ಬಿಚ್ಚಿ ನೋಡ್ದೆ. ಕೈ ಒರೆಸ್ಕೊಂಡಿರ್ಲಿಲ್ಲ."

"ನೀನು? ಕೈ ಒರೆಸ್ಕೊಳ್ದೆ?"

"ಹೂಂ. ಮರ್ತೋಯ್ತು."

ಅಜ್ಜಿ ಅವಳನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸೋಣವೇ ಎಂದು ಅವ್ವ ಕೇಳಿದ್ದಕ್ಕೆ, ಕೆಟ್ಟದ್ದು ಮೇಲೊಂದೇ ಕೆಡುವುದಿಲ್ಲ ಎಂದು ಇಡೀ ಜಾಡಿಯನ್ನು ತಿಪ್ಪೆಗೆ ಸುರಿಸಿದಳು. ಒಂದು ವರ್ಷದ ರುಚಿಯ ಮೂರನೇ ಒಂದು ಪಾಲು ಕೋಳಿ ಕೆದಕುವ ಜಾಗದಲ್ಲಿ ಬಿತ್ತು. ಅಯ್ಯನವರ ಎಲೆಗೆ ಪಕ್ಕದ ಮನೆಯಿಂದ ಉಪ್ಪಿನಕಾಯಿ ಕಡ ತರಬೇಕಾಯಿತು. ಆ ಸಂಜೆ ಅಜ್ಜಿ ಸೊಂಟದಿಂದ ಬೀಗದ ಕೈ ತೆಗೆದು, ಮೊರ ಹಿಡಿದು ನಿಂತಿದ್ದ ಅವ್ವನ ಮೊರದೊಳಗೆ ಹಾಕಿದಳು. ಅವ್ವನಿಗೆ ಅದನ್ನು ಎತ್ತಿಕೊಳ್ಳಲು ಎಷ್ಟೋ ಹೊತ್ತು ಹಿಡಿಯಿತು. ನೀಲಿ ಬಾಗಿಲ ಹೊರಗೆ ಬಂದು ನನ್ನ ಪಕ್ಕ ನಿಂತಳು. ನಾನು ಗೆದ್ದಿದ್ದೆ, ಆದರೆ ಗೆದ್ದ ಹಾಗೆ ಅನ್ನಿಸಲಿಲ್ಲ. ಅವಳ ಮುಖ ನಾನಂದುಕೊಂಡಷ್ಟು ಬಾಡಿರಲಿಲ್ಲ, ಯಾರನ್ನೋ ಕಾಯುವವಳಂತೆ ಬೀದಿಯ ಕಡೆ ನೋಡುತ್ತಿದ್ದಳು. ಅದೂ ಅವಳ ದೊಡ್ಡತನವೇ ಎಂದುಕೊಂಡೆ.

ಮುಂದಿನದು ಅಜ್ಜಿ ಹೇಳಿದ ಹಾಗೇ ಆಯಿತು. ನಾನು ಹೋದೆ, ಬೀರೂರಿನ ಆಚೆಯ ಊರಿಗೆ. ನೀಲಿ ಅಣ್ಣನ ಹೆಂಡತಿಯಾಗಿ ಉಳಿದಳು. ಬೀಗದ ಕೈ ಅವ್ವನಿಂದ ಅವಳಿಗೆ ಬಂತು. ನಾನು ತವರಿಗೆ ಹೋದಾಗಲೆಲ್ಲ ವಾಪಸು ಬರುವಾಗ ಗಾಡಿಯಲ್ಲಿ ಒಂದು ಪುಟ್ಟ ಜಾಡಿ ಮಿಡಿ ಇಟ್ಟು ಕಳಿಸುತ್ತಿದ್ದಳು. ಅದು ಒಂದು ಸಲವೂ ಕೆಡಲಿಲ್ಲ. ಗಂಡನ ಮನೆಯಲ್ಲಿ ಎಲ್ಲರೂ ಹೊಗಳಿಕೊಂಡು ಉಂಡರೆ ನಾನು ಅದನ್ನು ಎಲೆಯ ಅಂಚಿಗೆ ತಳ್ಳುತ್ತಿದ್ದೆ. ಅವಳು ನನ್ನ ತಪ್ಪು ಹೊತ್ತವಳು, ನಾನು ಹೊರಿಸಿದವಳು, ಇದು ಇಬ್ಬರಿಗೂ ಗೊತ್ತು, ಹೀಗಿದ್ದೂ ನನಗೆ ಒಂದು ಮಾತೂ ಅನ್ನದವಳು. ಅವಳ ಸೀರೆ, ಅವಳ ಮಕ್ಕಳು, ಅವಳ ಮನೆ, ಇವುಗಳ ಮೇಲಿನ ಹೊಟ್ಟೆಕಿಚ್ಚು ವಯಸ್ಸಾದ ಹಾಗೆ ತಣ್ಣಗಾಯಿತು. ಆ ಒಂದು ಒಳ್ಳೆಯತನದ ಮೇಲಿನದು ಆಗಲಿಲ್ಲ.

ಹೋದ ಸಂಕ್ರಾಂತಿಗೆ ತವರಿಗೆ ಹೋಗಿದ್ದೆ. ನೀಲಿಗೂ ನನ್ನಷ್ಟೇ ಮುಪ್ಪು. ಮನೆಯ ತುಂಬ ಮಕ್ಕಳು, ಸೊಸೆಯರು. ದೊಡ್ಡ ಸೊಸೆ ಬೇಳೆಗೆಂದು ಉಗ್ರಾಣದ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು, ನೀಲಿ ಒಳಗಿನಿಂದ ಅಳೆದು ಸುರಿದಳು. ಸೊಸೆ ಹೋದ ಮೇಲೆ ನನ್ನನ್ನು ಒಳಗೆ ಕರೆದು, ನನಗೆ ಕೊಡುವ ಜಾಡಿಗೆ ಮಿಡಿ ತುಂಬುತ್ತಾ ಕೂತಳು. ಅಷ್ಟು ವರ್ಷ ನುಂಗಿದ್ದನ್ನು ಅಂದು ನಾನು ಉಗುಳಿಬಿಟ್ಟೆ.

"ನೀಲೀ, ಆವತ್ತು ಜಾಡಿಗೆ ಕೈ ಹಾಕಿದ್ದು ನಾನು."

"ಗೊತ್ತಲ್ಲೇ. ಬೆಣ್ಣೆ ಹಚ್ಚಿದ್ದು ಯಾರು ಮತ್ತೆ?"

"ಮತ್ಯಾಕೆ ನಿನ್ನ ಮೇಲೆ ಹಾಕ್ಕೊಂಡೆ? ನನ್ನ ಉಳಿಸಕ್ಕಾ?"

ಅವಳು ಸೌಟು ಕೆಳಗಿಟ್ಟು ನಕ್ಕಳು. ಹಲ್ಲಿಲ್ಲದ ನಗು.

"ನಿನ್ನ ಉಳಿಸಿ ನಂಗೇನಾಗ್ಬೇಕಿತ್ತು? ಅಪ್ಪ ಬಂದು ಕರ್ಕೊಂಡು ಹೋಗ್ಲಿ ಅಂತ ಕಣೇ. ವರ್ಷದ ಉಪ್ಪಿನಕಾಯಿ ಕೆಡ್ಸಿದ ಹುಡ್ಗೀನ ಯಾರು ಇಟ್ಕೊತಾರೆ, ಕಡೂರಿಗೆ ಕಳಿಸ್ಬಿಡ್ತಾರೆ ಅಂದ್ಕೊಂಡೆ. ಗಂಟು ನೋಡಿದ ತಕ್ಷಣ ನಂಗೆ ಗೊತ್ತಾಯ್ತು. ಆವತ್ತೇ ಅಜ್ಜಿಗೆ ಹೇಳಿದ್ರೆ ನೀರು ಬಗ್ಸಿ ಕುದಿಸಿ ಉಳಿಸ್ಕೋಬೋದಿತ್ತು. ನಾನೇ ಹೇಳ್ಲಿಲ್ಲ. ಕೆಟ್ಟೈತಾ ಅಂತ ದಿನಾ ಹೋಗಿ ನೋಡ್ತಿದ್ದೆ."

"ಆಮೇಲೆ?"

"ಆಮೇಲೇನು. ಅಪ್ಪ ಬೇರೆ ಮದ್ವೆ ಆಗಿದ್ರು. ಯಾರೂ ಬರ್ಲಿಲ್ಲ. ಇಲ್ಲೇ ಉಳ್ಕೊಂಡೆ."

ನಾನು ಒಳಗೆ ಬರಲು ಕೈ ಸುಟ್ಟುಕೊಂಡ ಕೋಣೆಯಿಂದ ಅವಳು ಹೊರಗೆ ಹೋಗಲು ದಾರಿ ಹುಡುಕುತ್ತಿದ್ದಳು. ನಾನು ಐವತ್ತು ವರ್ಷ ಉರಿದುಕೊಂಡ ಒಳ್ಳೆಯತನ ಅಲ್ಲಿ ಇರಲೇ ಇಲ್ಲ. ಇದ್ದದ್ದು ಬೀದಿಯ ಕಡೆ ನೋಡುತ್ತಾ ಅಪ್ಪನನ್ನು ಕಾಯುತ್ತಿದ್ದ ಒಬ್ಬ ಹುಡುಗಿ. ಅವಳ ಪಕ್ಕದಲ್ಲೇ ನಿಂತಿದ್ದರೂ ನಾನು ಅವಳನ್ನು ನೋಡಿರಲಿಲ್ಲ. ಅವಳ ಮೇಲೆ ಅಯ್ಯೋ ಅನ್ನಿಸಿತು, ನನ್ನ ಮೇಲೆಯೂ. ಒಂದು ಹಳೆಯ ಭಾರ ಇಳಿದ ಹಾಗಾಗಿ, ಇನ್ನು ಇವಳ ಮೇಲೆ ನನಗೆ ಯಾವ ಕಿಚ್ಚೂ ಇಲ್ಲ ಎಂದುಕೊಂಡೆ.

ಜಾಡಿಯ ಬಾಯಿಗೆ ಬಟ್ಟೆ ಬಿಗಿಯಲು ಅವಳಿಗೆ ಬಗ್ಗಬೇಕಿತ್ತು. ಸೊಂಟದಲ್ಲಿದ್ದ ಬೀಗದ ಕೈ ಒತ್ತುತ್ತಿತ್ತೇನೋ, ತೆಗೆದು ನನ್ನ ಕೈಗಿಟ್ಟಳು.

"ಇದನ್ನ ಹಿಡ್ಕೊಂಡಿರು ಸ್ವಲ್ಪ."

ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಅಜ್ಜಿಯ ಕಾಲದ್ದೇ, ಕಬ್ಬಿಣದ್ದು, ಅಂದುಕೊಂಡದ್ದಕ್ಕಿಂತ ಭಾರ, ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಮುಚ್ಚಿ ಹಿಡಿದೆ. ಅವಳು ಎರಡು ಸುತ್ತು ಸುತ್ತಿ, ದಾರದ ಕೊನೆ ಒಳಗೆ ತೂರಿಸಿ, ಎದ್ದು ಕೈ ಚಾಚಿದಳು. ಕೊಟ್ಟೆ. ನನ್ನ ಕಡೆ ನೋಡದೆ, ಹಳೆಯ ಅಭ್ಯಾಸಕ್ಕೆ, ಅದನ್ನು ಸೆರಗಿನಲ್ಲಿ ಎರಡು ಸಲ ಚೆನ್ನಾಗಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಹೊಟ್ಟೆ ಉರಿಯಿತು.